ಗಣತಿಯೋತ್ತರ ಸಮೀಕ್ಷೆ: ಜನಗಣತಿಯ ತಪ್ಪನ್ನು ಅಳೆಯುವ ಸೇವೆಯ ಒಂದು ವಿಮರ್ಶೆ

ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರ ಕಚೇರಿಯ ಸೇವೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಹತ್ತು ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬರುವ ಜನಗಣತಿ. ಆ ಗಣತಿ ಮುಗಿದ ಮೇಲೆ ಅದೇ ಕಚೇರಿ ನಡೆಸುವ ಇನ್ನೊಂದು ಕೆಲಸದ ಬಗ್ಗೆ ಮಾತ್ರ ಮಾತನಾಡುವವರು ತೀರಾ ಕಡಿಮೆ. ದೇಶದ ಲಕ್ಷಾಂತರ ಗಣತಿ ಬ್ಲಾಕ್‌ಗಳಿಂದ (ಒಬ್ಬ ಗಣತಿದಾರನಿಗೆ ವಹಿಸುವ ಚಿಕ್ಕ ಪ್ರದೇಶಗಳಿಂದ) ಕೆಲವು ಸಾವಿರವನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿಗೆ ಬೇರೆ ಸಿಬ್ಬಂದಿಯನ್ನು ಕಳುಹಿಸಿ, ಮೊದಲ ಎಣಿಕೆಯಲ್ಲಿ ಯಾರು ಬಿಟ್ಟುಹೋದರು, ಯಾರು ಎರಡು ಸಲ ಸೇರಿಕೊಂಡರು ಎಂಬುದನ್ನು ಹುಡುಕಿ ಲೆಕ್ಕ ಹಾಕುವ ಈ ಕೆಲಸಕ್ಕೆ ಗಣತಿಯೋತ್ತರ ಸಮೀಕ್ಷೆ ಎಂದು ಹೆಸರು. ಜನಸಂಖ್ಯೆಯ ಕೋಷ್ಟಕಗಳನ್ನು ಕೆಲಸಕ್ಕಾಗಿ ನಿತ್ಯ ತೆರೆದು ನೋಡುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಡೀ ಜನಗಣತಿಯ ವ್ಯವಸ್ಥೆಯಲ್ಲಿ ವೈಜ್ಞಾನಿಕವಾಗಿ ಅತ್ಯಂತ ಗಟ್ಟಿಯಾದ ಭಾಗ ಇದು, ಆದರೆ ಅದರ ಫಲ ಬಳಕೆದಾರರ ಕೈಗೆ ಸಿಗುವ ರೀತಿಯಲ್ಲಿ ದೊಡ್ಡ ಕೊರತೆಯಿದೆ. ಹೀಗೆ ಕೆಲವನ್ನೇ ಆರಿಸಿ ನಡೆಸುವ ಮಾದರಿ ಸಮೀಕ್ಷೆಯು ಗಣತಿಯ ಜಾಗವನ್ನು ಆಕ್ರಮಿಸಬೇಕಾಗಿಲ್ಲ. ಗಣತಿ ಎಷ್ಟು ತಪ್ಪಿದೆ ಎಂಬುದನ್ನು ರಾಜ್ಯವಾರು ಮತ್ತು ಸಕಾಲದಲ್ಲಿ ಹೇಳಿದರೆ ಸಾಕು. ಇಂದಿನ ಸೇವೆ ಅಷ್ಟನ್ನು ಮಾಡುತ್ತಿಲ್ಲ.

2011ರ ಗಣತಿಯನ್ನೇ ನೋಡೋಣ. ಆ ವರ್ಷದ ಫೆಬ್ರುವರಿ 9ರಿಂದ 28ರವರೆಗೆ ಸುಮಾರು 27 ಲಕ್ಷ ಸಿಬ್ಬಂದಿ ಮನೆಮನೆಗೆ ಹೋಗಿ 29 ಪ್ರಶ್ನೆಗಳ ಅನುಸೂಚಿಯನ್ನು ತುಂಬಿಸಿದರು. ಮಾರ್ಚ್ 1ರ ಸೂರ್ಯೋದಯಕ್ಕೂ ಮುಂಚಿನ ನಡುರಾತ್ರಿ 12 ಗಂಟೆಯನ್ನು ಆಧಾರವಾಗಿಟ್ಟು, ಮೊದಲ ಐದು ದಿನ ಮರುಭೇಟಿ ನಡೆಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರನ್ನು ತೆಗೆದರು. ಕೊನೆಗೆ ದೊರೆತ ಒಟ್ಟು ಸಂಖ್ಯೆ 121 ಕೋಟಿ ದಾಟಿತು. ಕರ್ನಾಟಕದ ಪಾಲು 6.11 ಕೋಟಿ. ಬಳಿಕ ನಡೆದ ಗಣತಿಯೋತ್ತರ ಸಮೀಕ್ಷೆ ಈ ಎಣಿಕೆಯಲ್ಲಿ ಪ್ರತಿ ಸಾವಿರಕ್ಕೆ ನಿವ್ವಳ, ಅಂದರೆ ಎರಡು ಸಲ ಸೇರಿದವರನ್ನು ಕಳೆದ ಮೇಲೆ, 23 ಮಂದಿ ಬಿಟ್ಟುಹೋಗಿದ್ದಾರೆ ಎಂದು ಅಂದಾಜಿಸಿತು. ಕೇಳುವಾಗ ಇದು ಚಿಕ್ಕ ಅಂಕಿ. 121 ಕೋಟಿಗೆ ಅನ್ವಯಿಸಿದಾಗ ಸುಮಾರು 2.8 ಕೋಟಿ ಜನರಾಗುತ್ತಾರೆ, ಅಂದರೆ ಅಂದಿನ ಕರ್ನಾಟಕದ ಜನಸಂಖ್ಯೆಯ ಅರ್ಧಕ್ಕಿಂತ ತುಸುವೇ ಕಡಿಮೆ. ಹಳ್ಳಿಗಳಿಗಿಂತ ನಗರಗಳಲ್ಲಿ ಬಿಟ್ಟುಹೋದವರ ಪ್ರಮಾಣ ಹೆಚ್ಚು.

ಹಿಂದಿನ ಗಣತಿಗಳ ಅಂಕಿಗಳನ್ನು ಜೊತೆಗಿಟ್ಟು ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. 1951ರಲ್ಲಿ ನಿವ್ವಳ ಲೋಪ ಶೇ. 1.1ರಷ್ಟಿತ್ತು, 1961ರಲ್ಲಿ ಶೇ. 0.7ಕ್ಕೆ ಇಳಿಯಿತು, 1971ರಲ್ಲಿ ಮತ್ತೆ ಶೇ. 1.7ಕ್ಕೆ ಏರಿತು, 1981 ಮತ್ತು 1991ರಲ್ಲಿ ಶೇ. 1.8ರ ಆಸುಪಾಸಿನಲ್ಲಿತ್ತು, 2001 ಮತ್ತು 2011 ಎರಡರಲ್ಲೂ ಶೇ. 2.3. ರಸ್ತೆ, ದೂರವಾಣಿ, ಗಣಕಯಂತ್ರ, ಸಾಕ್ಷರತೆ ಎಲ್ಲವೂ ಬೆಳೆದ ಅರ್ಧ ಶತಮಾನದಲ್ಲಿ ಎಣಿಕೆಯ ಪೂರ್ಣತೆ ಮಾತ್ರ ಸುಧಾರಿಸಲಿಲ್ಲ. ಜನ ನಗರಗಳಿಗೆ ಬಂದರು, ಬಾಡಿಗೆ ಕೋಣೆಗಳಲ್ಲಿ, ಕಟ್ಟಡ ಕಾಮಗಾರಿಯ ಶೆಡ್‌ಗಳಲ್ಲಿ, ಬೀಗ ಹಾಕಿದ ಫ್ಲ್ಯಾಟ್‌ಗಳಲ್ಲಿ ನೆಲೆಸಿದರು. ಗಣತಿದಾರ ಬಾಗಿಲು ಬಡಿದ ಹೊತ್ತಿನಲ್ಲಿ ಅವರು ಮನೆಯಲ್ಲಿರಲಿಲ್ಲ. ಈ ಸಂಗತಿ ನಮಗೆ ತಿಳಿದಿರುವುದೇ ಆ ಮಾದರಿ ಸಮೀಕ್ಷೆಯಿಂದಾಗಿ. ತನ್ನ ಲೆಕ್ಕದಲ್ಲಿ ಇಷ್ಟು ತಪ್ಪಿದೆ ಎಂದು ಸರ್ಕಾರಿ ಸಂಸ್ಥೆಯೊಂದು ದಶಕದಿಂದ ದಶಕಕ್ಕೆ ಅಂಕಿ ಸಮೇತ ಹೇಳುತ್ತ ಬಂದಿರುವುದನ್ನು ನಾನು ನಿಜವಾಗಿಯೂ ಗೌರವಿಸುತ್ತೇನೆ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಈ ಗೌರವ ಹೆಚ್ಚುತ್ತದೆ. ಆಯ್ಕೆಯಾದ ಬ್ಲಾಕ್‌ಗೆ ಹೋಗುವ ಸಿಬ್ಬಂದಿ ಹಳೆಯ ಪಟ್ಟಿಯನ್ನು ನಕಲು ಮಾಡುವುದಿಲ್ಲ. ಬ್ಲಾಕ್‌ನ ಗಡಿಯನ್ನು ಸುತ್ತಿ, ಮನೆಗಳನ್ನು ಹೊಸದಾಗಿ ಪಟ್ಟಿ ಮಾಡಿ, ಗಣತಿಯ ಸಮಯದಲ್ಲಿ ಆ ಮನೆಯಲ್ಲಿ ಯಾರಿದ್ದರು, ಈಗ ಯಾರಿದ್ದಾರೆ, ನಡುವೆ ಬಂದವರು ಹೋದವರು ಯಾರು ಎಂದು ಕೇಳುತ್ತಾರೆ. ಅನಂತರ ಎರಡೂ ಪಟ್ಟಿಗಳನ್ನು ಹೆಸರು, ವಯಸ್ಸು, ಲಿಂಗ, ಕುಟುಂಬದ ಮುಖ್ಯಸ್ಥರೊಂದಿಗಿನ ಸಂಬಂಧ ಇವುಗಳ ಆಧಾರದಲ್ಲಿ ಒಂದೊಂದಾಗಿ ಹೊಂದಿಸುತ್ತಾರೆ. ಹೊಂದದೆ ಉಳಿದ ಹೆಸರುಗಳಿಗಾಗಿ ಮತ್ತೊಮ್ಮೆ ಸ್ಥಳಕ್ಕೆ ಹೋಗುತ್ತಾರೆ. ಒಂದು ಪಟ್ಟಿಯಲ್ಲಿ ‘ಲಕ್ಷ್ಮಮ್ಮ, 45’ ಎಂದಿದ್ದು ಇನ್ನೊಂದರಲ್ಲಿ ‘ಲಕ್ಷ್ಮೀದೇವಿ, 50’ ಎಂದಿದ್ದರೆ ಅವರು ಒಬ್ಬರೇ, ಇಬ್ಬರೇ ಎಂಬುದನ್ನು ಕಚೇರಿಯ ಮೇಜಿನ ಮುಂದೆ ಕುಳಿತು ತೀರ್ಮಾನಿಸಲಾಗದು. ಐದು ಮತ್ತು ಸೊನ್ನೆಯಲ್ಲಿ ಕೊನೆಗೊಳ್ಳುವ ವಯಸ್ಸುಗಳನ್ನೇ ಹೇಳುವ ನಮ್ಮ ಜನರ ರೂಢಿಯಿಂದಾಗಿ ಇಂತಹ ಗೊಂದಲ ಬೇಕಾದಷ್ಟು ಬರುತ್ತದೆ, ಆದ್ದರಿಂದ ಸಮೀಕ್ಷೆಯ ನಿಜವಾದ ಶ್ರಮ ಮರು ಎಣಿಕೆಗಿಂತ ಈ ಹೊಂದಾಣಿಕೆಯಲ್ಲೇ ಇದೆ.

ಹೊಂದಾಣಿಕೆ ಮುಗಿದ ಮೇಲಿನ ಗಣಿತ ಬಹಳ ಸರಳ. ವಿವರಣೆಗಾಗಿ ಒಂದು ಬ್ಲಾಕನ್ನು ಊಹಿಸಿಕೊಳ್ಳಿ. ಗಣತಿಯಲ್ಲಿ ಅಲ್ಲಿ 600 ಜನ ಸಿಕ್ಕಿದ್ದರು. ಸಮೀಕ್ಷೆಯಲ್ಲಿ 580 ಜನ ಸಿಕ್ಕಿದರು. ಎರಡರಲ್ಲೂ ಇದ್ದವರು 560. ಸಮೀಕ್ಷೆ ಕಂಡುಕೊಂಡ 580 ಜನರಲ್ಲಿ 560 ಜನರನ್ನು ಗಣತಿಯೂ ಹಿಡಿದಿದೆ ಎಂದಾದರೆ, ಗಣತಿಯ ವ್ಯಾಪ್ತಿ ಸುಮಾರು ಶೇ. 96.6. ಆ ಪ್ರಮಾಣದಿಂದ 600ನ್ನು ಭಾಗಿಸಿದಾಗ ನಿಜವಾದ ಜನಸಂಖ್ಯೆ ಸುಮಾರು 621 ಎಂದು ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಗಣತಿ ಬಿಟ್ಟು ಸಮೀಕ್ಷೆ ಹಿಡಿದ 20 ಜನ ಮಾತ್ರವಲ್ಲದೆ, ಎರಡೂ ಸಲ ಯಾರ ಕಣ್ಣಿಗೂ ಬೀಳದ ಒಬ್ಬರ ಅಂದಾಜೂ ಆ 621ರಲ್ಲಿ ಸೇರಿದೆ. ಕಾಣದವರನ್ನೂ ಲೆಕ್ಕಕ್ಕೆ ತರುವ ಈ ಸೂತ್ರ ನಿಂತಿರುವುದು ಎರಡು ಎಣಿಕೆಗಳೂ ಒಂದರಿಂದೊಂದು ಸ್ವತಂತ್ರ ಎಂಬ ನಂಬಿಕೆಯ ಮೇಲೆ. ಗಣತಿಯನ್ನು ತಪ್ಪಿಸಿಕೊಂಡವರೇ ಸಮೀಕ್ಷೆಯನ್ನೂ ತಪ್ಪಿಸಿಕೊಳ್ಳುವುದಾದರೆ ಅಂದಾಜು ನಿಜಕ್ಕಿಂತ ಕಡಿಮೆಯಾಗುತ್ತದೆ. ಊರೂರು ಅಲೆಯುವ ಕೂಲಿಕಾರರ ವಿಷಯದಲ್ಲಿ ಹೀಗೆಯೇ ಆಗುವ ಸಾಧ್ಯತೆ ಹೆಚ್ಚು.

ಈ ಸೂತ್ರದ ಮೂಲದಲ್ಲಿ ನಮ್ಮ ದೇಶದ ಕೆಲಸವೇ ಇದೆ. ಜನಸಂಖ್ಯಾ ತಜ್ಞ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಸೇರಿ 1949ರಲ್ಲಿ ಪ್ರಕಟಿಸಿದ ಲೇಖನವೊಂದು ಕಲ್ಕತ್ತೆಯ ಬಳಿಯ ಸಿಂಗೂರಿನ ಆರೋಗ್ಯ ಕೇಂದ್ರದ ದಾಖಲೆಗಳನ್ನು ಬಳಸಿ, ನೋಂದಣಿ ಪುಸ್ತಕ ಮತ್ತು ಮನೆಮನೆ ವಿಚಾರಣೆ ಎರಡರಲ್ಲೂ ಬಿಟ್ಟುಹೋದ ಜನನ ಮರಣಗಳನ್ನು ಅಂದಾಜಿಸುವ ದಾರಿ ತೋರಿಸಿತು. ಮುಂದೆ ಹಲವು ದೇಶಗಳ ಗಣತಿ ಪರಿಶೀಲನೆಗೆ ಅದೇ ದಾರಿ ಆಧಾರವಾಯಿತು. ಇದೇ ಚಂದ್ರಶೇಖರನ್ ಅವರು ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ 1951–52ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದಲ್ಲೂ ತೊಡಗಿದ್ದರು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಕುಟುಂಬಗಳನ್ನು ಮಾದರಿಯಾಗಿ ಆರಿಸಿ ನಡೆಸಿದ ಆ ಅಧ್ಯಯನದ ಹೆಸರನ್ನು ಇಂದಿನ ಕನ್ನಡ ಓದುಗರಲ್ಲಿ ಬಹಳ ಮಂದಿ ಕೇಳಿಯೇ ಇಲ್ಲ ಎಂಬುದು ನನಗೆ ಬೇಸರದ ವಿಷಯ.

ಇನ್ನು ಸೇವೆಯ ಕೊರತೆಗಳಿಗೆ ಬರುತ್ತೇನೆ. ಸಮೀಕ್ಷೆಯ ಫಲಿತಾಂಶ ಉತ್ತರ, ದಕ್ಷಿಣ, ಪೂರ್ವ ಎಂಬಂತೆ ವಲಯಗಳ ಮಟ್ಟದಲ್ಲಿ ದೊರೆಯುತ್ತದೆ. ದಕ್ಷಿಣ ವಲಯದ ಸರಾಸರಿಯಲ್ಲಿ ಕೇರಳದ ಅಚ್ಚುಕಟ್ಟಾದ ಪಂಚಾಯಿತಿಗಳೂ ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಗಳೂ ಒಟ್ಟಿಗೆ ಬೆರೆತುಹೋಗುತ್ತವೆ. ಕರ್ನಾಟಕದಲ್ಲಿ ಎಷ್ಟು ಜನ ಬಿಟ್ಟುಹೋದರು, ಬೆಂಗಳೂರಿನಲ್ಲಿ ಎಷ್ಟು, ಕಲ್ಯಾಣ ಕರ್ನಾಟಕದ ಗುಳೆ ಹೋಗುವ ತಾಲ್ಲೂಕುಗಳಲ್ಲಿ ಎಷ್ಟು ಎಂಬ ಪ್ರಶ್ನೆಗಳಿಗೆ ಆ ಸರಾಸರಿ ಉತ್ತರಿಸಲಾರದು. ಗುಳೆ ಹೋದ ಕುಟುಂಬ ತನ್ನ ಊರಿನಲ್ಲೂ ಸಿಗದೆ, ದುಡಿಯುವ ಊರಿನಲ್ಲೂ ಸಿಗದೆ ಹೋಗುವುದು ಗಣತಿಯ ಅತಿ ಸಹಜವಾದ ತಪ್ಪು, ಆ ತಪ್ಪಿನ ಅಳತೆಯೇ ಬೇಕಾದ ಜಾಗದಲ್ಲಿ ಇಲ್ಲ. ಮಾದರಿಯ ಗಾತ್ರ ಚಿಕ್ಕದಾಗಿರುವುದೇ ಇದಕ್ಕೆ ಕಾರಣ. ರಾಜ್ಯಮಟ್ಟದ ನಂಬಲರ್ಹ ಅಂದಾಜಿಗೆ ಇನ್ನೂ ಹೆಚ್ಚು ಬ್ಲಾಕ್‌ಗಳು ಬೇಕು; ಇಡೀ ಗಣತಿಯ ಖರ್ಚಿನ ಎದುರು ಆ ಹೆಚ್ಚುವರಿ ಖರ್ಚು ದೊಡ್ಡದೇನಲ್ಲ. ಸಂಸ್ಥೆಗಳಲ್ಲಿ ಇರುವವರು ಮತ್ತು ಮನೆಯಿಲ್ಲದವರು ಈ ಸಮೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. 2011ರ ಫೆಬ್ರುವರಿ 28ರ ರಾತ್ರಿ ನಡೆದ ವಿಶೇಷ ಎಣಿಕೆಯಲ್ಲಿ ದೇಶದಾದ್ಯಂತ 17.7 ಲಕ್ಷ ವಸತಿಹೀನರು ದಾಖಲಾದರು. ಆ ಎಣಿಕೆ ಎಷ್ಟು ಪೂರ್ಣ ಎಂದು ಹೇಳುವ ಅಳತೆಗೋಲು ನಮ್ಮಲ್ಲಿಲ್ಲ.

ಇದು ಬರೀ ಸಂಖ್ಯಾಶಾಸ್ತ್ರಜ್ಞರ ಚಿಂತೆ ಎಂದು ಯಾರಾದರೂ ಭಾವಿಸಿದರೆ ಪಡಿತರದ ಲೆಕ್ಕವನ್ನು ನೋಡಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ. 75 ಮತ್ತು ನಗರ ಜನಸಂಖ್ಯೆಯ ಶೇ. 50ರವರೆಗೆ ಧಾನ್ಯದ ಹಕ್ಕನ್ನು ನೀಡುತ್ತದೆ. 2011ರ ಗಣತಿಯ ಅಂಕಿಯ ಆಧಾರದಲ್ಲಿ ಇದು 81.35 ಕೋಟಿ ಜನ ಎಂದು ನಿಗದಿಯಾಯಿತು. ಗಣತಿಯಲ್ಲಿ ಬಿಟ್ಟುಹೋದವರು ಈ ಲೆಕ್ಕದಲ್ಲೂ ಬಿಟ್ಟುಹೋದರು. ಕೋವಿಡ್ ಕಾರಣದಿಂದ 2021ರ ಗಣತಿ ಮುಂದಕ್ಕೆ ಹೋದ ಮೇಲೆ ಆ ಹಳೆಯ ಅಂಕಿಯೇ ವರ್ಷಗಟ್ಟಲೆ ಚಾಲ್ತಿಯಲ್ಲಿ ಉಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಕೂಡ ತನ್ನ ಹಳ್ಳಿಗಳನ್ನು, ನಗರದ ಗಣತಿ ಬ್ಲಾಕ್‌ಗಳನ್ನು ಆರಿಸಿದ್ದು 2011ರ ಪಟ್ಟಿಯಿಂದಲೇ. ಮಾದರಿ ಸಮೀಕ್ಷೆಗಳಿಗೆ ಬುನಾದಿ ಗಣತಿ, ಗಣತಿಯ ಪರೀಕ್ಷೆಗೆ ಸಾಧನ ಮಾದರಿ ಸಮೀಕ್ಷೆ; ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ನನಗೆ ಅರ್ಥಹೀನವಾಗಿ ಕಾಣುತ್ತದೆ.

ಹಾಗಾದರೆ ಸಮೀಕ್ಷೆ ಹೇಳಿದಂತೆ ಗಣತಿಯ ಅಂಕಿಯನ್ನೇ ತಿದ್ದಿಬಿಡಬಾರದೇ? ಈ ಪ್ರಶ್ನೆಯನ್ನು ಅಮೆರಿಕ ಹತ್ತು ವರ್ಷಗಳ ಕಾಲ ಎಳೆದಾಡಿದೆ, ಆ ಕಥೆಯನ್ನು ನಾವು ವಿವರವಾಗಿ ತಿಳಿಯಬೇಕು. 1990ರ ಅಲ್ಲಿನ ಗಣತಿಯಲ್ಲಿ ಒಟ್ಟಾರೆ ಸುಮಾರು ಶೇ. 1.6 ಜನ ಬಿಟ್ಟುಹೋಗಿದ್ದಾರೆಂದು ಸಮೀಕ್ಷೆ ಅಂದಾಜಿಸಿತು. ಆದರೆ ಈ ಲೋಪ ಎಲ್ಲರಿಗೂ ಸಮನಾಗಿ ಹಂಚಿರಲಿಲ್ಲ: ಕಪ್ಪು ಜನರಲ್ಲಿ ಶೇ. 4ಕ್ಕೂ ಹೆಚ್ಚು, ಮೀಸಲು ಪ್ರದೇಶಗಳಲ್ಲಿ ವಾಸಿಸುವ ಮೂಲನಿವಾಸಿಗಳಲ್ಲಿ ಶೇ. 12ಕ್ಕೂ ಹೆಚ್ಚು, ಬಿಳಿಯರಲ್ಲಿ ಶೇ. 1ಕ್ಕಿಂತ ಕಡಿಮೆ. ಎಣಿಕೆಯನ್ನು ತಿದ್ದಬೇಕೆಂಬ ಬೇಡಿಕೆಯನ್ನು 1991ರಲ್ಲಿ ವಾಣಿಜ್ಯ ಕಾರ್ಯದರ್ಶಿ ರಾಬರ್ಟ್ ಮೊಸ್ಬಾಕರ್ ತಿರಸ್ಕರಿಸಿದರು. 2000ದ ಗಣತಿಗೆ ಅಲ್ಲಿನ ಗಣತಿ ಸಂಸ್ಥೆ ಇನ್ನೂ ದಿಟ್ಟವಾದ ಯೋಜನೆ ಹಾಕಿತು. ಅಂಚೆಯಲ್ಲಿ ಉತ್ತರಿಸದ ಮನೆಗಳೆಲ್ಲಕ್ಕೂ ಹೋಗುವ ಬದಲು ಅವುಗಳ ಒಂದು ಮಾದರಿಗೆ ಮಾತ್ರ ಹೋಗುವುದು, ಅನಂತರ 7.5 ಲಕ್ಷ ಮನೆಗಳ ಸಮೀಕ್ಷೆಯಿಂದ ಒಟ್ಟು ಸಂಖ್ಯೆಯನ್ನೇ ಸರಿಪಡಿಸುವುದು ಆ ಯೋಜನೆಯ ತಿರುಳು. 1999ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ, ರಾಜ್ಯಗಳಿಗೆ ಪ್ರತಿನಿಧಿ ಸಭೆಯ ಸ್ಥಾನ ಹಂಚುವ ಸಂಖ್ಯೆಗೆ ಮಾದರಿ ವಿಧಾನ ಬಳಸುವುದನ್ನು ಗಣತಿ ಕಾಯ್ದೆ ಒಪ್ಪುವುದಿಲ್ಲ ಎಂದು ತೀರ್ಪಿತ್ತಿತು. ಬೇರೆ ಉದ್ದೇಶಗಳಿಗೆ ಆ ದಾರಿ ಮುಚ್ಚಲಿಲ್ಲ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ತೀರ್ಪಿನ ಬಳಿಕ ನಡೆದದ್ದು. ಸುಮಾರು 3.14 ಲಕ್ಷ ಮನೆಗಳ ಸಮೀಕ್ಷೆ ನಡೆಯಿತು. 2001ರ ಆರಂಭದಲ್ಲಿ ಬಂದ ಮೊದಲ ಫಲಿತಾಂಶ ಸುಮಾರು 33 ಲಕ್ಷ ಜನ ನಿವ್ವಳವಾಗಿ ಬಿಟ್ಟುಹೋಗಿದ್ದಾರೆ ಎಂದಿತು. ಜನನ, ಮರಣ, ವಲಸೆಯ ದಾಖಲೆಗಳಿಂದ ಹಾಕಿದ ಇನ್ನೊಂದು ಲೆಕ್ಕ ಇದಕ್ಕೆ ವ್ಯತಿರಿಕ್ತವಾಗಿತ್ತು. ಈ ಎರಡು ಲೆಕ್ಕಗಳು ತಾಳೆಯಾಗದ ಕಾರಣ ತಿದ್ದುಪಡಿ ಬೇಡವೆಂದು ಗಣತಿ ಸಂಸ್ಥೆಯ ಪರಿಣತರೇ ಶಿಫಾರಸು ಮಾಡಿದರು. 2003ರಲ್ಲಿ ಮರುಪರಿಶೀಲನೆ ಮುಗಿದಾಗ ತಿಳಿದದ್ದೇ ಬೇರೆ: ಎರಡು ಕಡೆ ಎಣಿಕೆಯಾದವರನ್ನು ಸಮೀಕ್ಷೆ ಸರಿಯಾಗಿ ಗುರುತಿಸಿರಲಿಲ್ಲ, ವಾಸ್ತವವಾಗಿ ಗಣತಿ ಸುಮಾರು 13 ಲಕ್ಷ ಜನರನ್ನು ಹೆಚ್ಚಾಗಿಯೇ ಎಣಿಸಿತ್ತು. ಅವಸರದಲ್ಲಿ ತಿದ್ದಿದ್ದರೆ ಸರಿಯಾದ ದಿಕ್ಕಿಗೆ ವಿರುದ್ಧವಾಗಿ ತಿದ್ದಿದಂತಾಗುತ್ತಿತ್ತು. ಮಾದರಿ ವಿಧಾನದ ಪಕ್ಷಪಾತಿಯಾದ ನಾನು ಈ ಸಂಗತಿಯನ್ನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಾಗೆಂದು ಅಳೆಯುವುದನ್ನೇ ಬಿಡಬೇಕು ಎಂಬ ತೀರ್ಮಾನಕ್ಕೆ ಅಮೆರಿಕ ಬರಲಿಲ್ಲ. 2020ರ ಗಣತಿಯ ಬಳಿಕದ ಸಮೀಕ್ಷೆ ದೇಶದ ಒಟ್ಟು ಸಂಖ್ಯೆಯಲ್ಲಿ ಗಮನಾರ್ಹ ತಪ್ಪಿಲ್ಲವೆಂದು ಹೇಳುತ್ತಲೇ, ಹಿಸ್ಪಾನಿಕ್ ಜನರಲ್ಲಿ ಶೇ. 4.99, ಕಪ್ಪು ಜನರಲ್ಲಿ ಶೇ. 3.30 ಲೋಪವಿದೆ, ಹಿಸ್ಪಾನಿಕರಲ್ಲದ ಬಿಳಿಯರನ್ನು ಶೇ. 1.64ರಷ್ಟು ಹೆಚ್ಚಾಗಿ ಎಣಿಸಲಾಗಿದೆ ಎಂದು ಪ್ರಕಟಿಸಿತು. ಟೆಕ್ಸಾಸ್, ಫ್ಲೋರಿಡಾ ಸೇರಿ ಆರು ರಾಜ್ಯಗಳಲ್ಲಿ ಕೊರತೆ, ನ್ಯೂಯಾರ್ಕ್, ಮಿನ್ನೆಸೋಟಾ ಸೇರಿ ಎಂಟು ರಾಜ್ಯಗಳಲ್ಲಿ ಹೆಚ್ಚಳ ಎಂದು ರಾಜ್ಯವಾರು ಹೆಸರು ಹಿಡಿದು ಹೇಳಿತು. ಅಧಿಕೃತ ಅಂಕಿಯನ್ನು ಮುಟ್ಟದೆ, ಅದರ ತಪ್ಪನ್ನು ರಾಜ್ಯಮಟ್ಟದಲ್ಲಿ ಬಹಿರಂಗಪಡಿಸುವ ಈ ಕ್ರಮವೇ ನಮಗೂ ತಕ್ಕದ್ದು.

ಮಾದರಿ ವಿಧಾನದಿಂದ ಗಣತಿಗೆ ಆಗುವ ಇನ್ನೊಂದು ಉಪಕಾರ ವೇಗ. 1941ರಲ್ಲಿ ಯುದ್ಧದ ಕಾರಣ ಪೂರ್ಣ ಕೋಷ್ಟಕಗಳನ್ನು ಸಿದ್ಧಪಡಿಸಲಾಗದಿದ್ದಾಗ ಗಣತಿ ಆಯುಕ್ತ ಯೀಟ್ಸ್ ಒಬ್ಬೊಬ್ಬರ ವಿವರ ಬರೆದ ಗಣತಿ ಚೀಟಿಗಳಲ್ಲಿ ಪ್ರತಿ ಐವತ್ತಕ್ಕೆ ಒಂದನ್ನು ಕಾಯ್ದಿರಿಸಿದರು, ಆ ಶೇ. 2ರ ಮಾದರಿಯಿಂದಲೇ ಆ ದಶಕದ ವಯಸ್ಸಿನ ವಿವರಗಳು ಹೊರಬಂದವು. 1981ರಲ್ಲಿ ದೊಡ್ಡ ರಾಜ್ಯಗಳ ಶೇ. 20 ಬ್ಲಾಕ್‌ಗಳಲ್ಲಿ ಮಾತ್ರ ವಲಸೆ ಮತ್ತು ಸಂತಾನದ ಬಗೆಗಿನ ಹೆಚ್ಚಿನ ಪ್ರಶ್ನೆಗಳನ್ನು ಕೇಳಲಾಯಿತು, ಶೇ. 5 ಚೀಟಿಗಳ ಮುಂಗಡ ಕೋಷ್ಟಕಗಳೂ ಬೇಗ ಬಂದವು. ಇದರ ಎದುರು 2011ರ ಗಣತಿಯನ್ನು ಇಡಿ. ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 4.37 ಕೋಟಿ ಎಂಬ ಅಂಕಿ ನಮಗೆ ಸಿಕ್ಕಿದ್ದು 2018ರಲ್ಲಿ, ವಲಸೆಯ ಕೋಷ್ಟಕಗಳು 2019ರಲ್ಲಿ. ಎಂಟು ವರ್ಷ ಹಳೆಯದಾದ ವಲಸೆಯ ಮಾಹಿತಿಯಿಂದ ನಗರಪಾಲಿಕೆಯೊಂದು ಏನನ್ನು ಯೋಜಿಸಬಲ್ಲದು? ಮೊದಲ ವರ್ಷದಲ್ಲೇ ಮಾದರಿ ಕೋಷ್ಟಕಗಳನ್ನು ಕೊಟ್ಟು, ಪೂರ್ಣ ಕೋಷ್ಟಕಗಳನ್ನು ನಿಧಾನವಾಗಿ ಕೊಡುವ ಹಳೆಯ ಪದ್ಧತಿ ಮರಳಿ ಬರಬೇಕು. ಆದರೆ ಭಾಷೆ ಮತ್ತು ಸಮುದಾಯದ ಪ್ರಶ್ನೆಗಳನ್ನು ಮಾದರಿಗೆ ಬಿಟ್ಟುಕೊಡಬಾರದು ಎಂಬುದೂ ನನ್ನ ದೃಢ ಅಭಿಪ್ರಾಯ. 18 ಲಕ್ಷಕ್ಕೂ ಹೆಚ್ಚು ಜನ ಆಡುವ ತುಳುವಿಗೆ ಮಾದರಿಯಿಂದ ತೊಂದರೆಯಾಗದು. ಸುಮಾರು 1.14 ಲಕ್ಷ ಜನರ ಕೊಡವ ಭಾಷೆಯ ತಾಲ್ಲೂಕುವಾರು ವಿವರ ಮಾದರಿಯಲ್ಲಿ ಮಸುಕಾಗುತ್ತದೆ. ಕೊರಗರು, ಜೇನುಕುರುಬರಂತಹ ಚಿಕ್ಕ ಸಮುದಾಯಗಳ ವಿಷಯದಲ್ಲಿ ಮಾದರಿಯ ದೋಷವೇ ಅಂಕಿಗಿಂತ ದೊಡ್ಡದಾದೀತು.

ಇದೇ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಅದು ಒಳ್ಳೆಯ ಸೇವೆ. 1964–65ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1969–70ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಸ್ಥಳೀಯ ಗಣತಿದಾರ ನಿರಂತರವಾಗಿ ಜನನ ಮರಣ ದಾಖಲಿಸುತ್ತಾನೆ, ಮೇಲ್ವಿಚಾರಕ ಆರು ತಿಂಗಳಿಗೊಮ್ಮೆ ಸ್ವತಂತ್ರವಾಗಿ ವಿಚಾರಿಸುತ್ತಾನೆ, ಎರಡನ್ನೂ ಹೊಂದಿಸಲಾಗುತ್ತದೆ. ಗಣತಿ ನಡೆಯದ ವರ್ಷಗಳಲ್ಲಿ ನಮ್ಮ ಜನನ ದರ, ಶಿಶು ಮರಣ ದರಗಳನ್ನು ತಿಳಿಸಿದ್ದು ಇದೇ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಗಣತಿಯಲ್ಲಿ ಮೊಬೈಲ್ ಆ್ಯಪ್ ಮೂಲಕ ದಾಖಲಾತಿ, ಸ್ವಯಂ ಗಣತಿಯ ಅವಕಾಶ, ಜಾತಿಯ ಎಣಿಕೆ ಎಲ್ಲವೂ ಇವೆ. ಸ್ವಯಂ ಗಣತಿ ಒಳ್ಳೆಯ ಅನುಕೂಲ. ಆದರೆ ಬೆಂಗಳೂರಿನಲ್ಲಿ ಓದುತ್ತಿರುವ ಮಗನ ಹೆಸರನ್ನು ಊರಿನಲ್ಲಿ ತಂದೆಯೂ, ಬಾಡಿಗೆ ಮನೆಯಲ್ಲಿ ಮಗನೂ ತುಂಬಿದರೆ ಒಬ್ಬನೇ ಇಬ್ಬರಾಗುತ್ತಾನೆ, ಅಮೆರಿಕದ 2000ದ ಸಮೀಕ್ಷೆ ಎಡವಿದ್ದು ಇಂತಹ ಕಡೆಯಲ್ಲೇ. ಆದ್ದರಿಂದ ಈ ಸಲದ ಗಣತಿಯೋತ್ತರ ಸಮೀಕ್ಷೆ ಬಿಟ್ಟುಹೋದವರನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಎರಡು ಸಲ ಸೇರಿದವರನ್ನೂ ಹುಡುಕಬೇಕು. ಇದೇ ಗಣತಿಯ ಅಂಕಿ ಲೋಕಸಭಾ ಸ್ಥಾನಗಳ ಮರುಹಂಚಿಕೆಗೂ ಆಧಾರವಾಗಬಲ್ಲದು, ಏಕೆಂದರೆ 1971ರ ಜನಸಂಖ್ಯೆಗೆ ಕಟ್ಟಿಹಾಕಿದ್ದ ರಾಜ್ಯವಾರು ಹಂಚಿಕೆಯನ್ನು 2026ರ ನಂತರದ ಮೊದಲ ಗಣತಿಯವರೆಗೆ ಸಂವಿಧಾನದ 84ನೇ ತಿದ್ದುಪಡಿ ಹಾಗೆಯೇ ಮುಂದುವರಿಸಿದೆ. ಸ್ಥಾನ ಹಂಚಿಕೆಗೆ ಅಂದಾಜಿನ ಸಂಖ್ಯೆ ಬೇಡ, ಎಣಿಸಿದ ಸಂಖ್ಯೆಯೇ ಇರಲಿ. ಆದರೆ ಪ್ರತಿ ರಾಜ್ಯದ ಎಣಿಕೆಯಲ್ಲೂ ಎಷ್ಟು ಲೋಪವಿದೆ, ಆ ಅಂದಾಜಿನ ಏರುಪೇರು ಎಷ್ಟು ಎಂಬುದು ಚರ್ಚೆ ಶುರುವಾಗುವ ಮೊದಲೇ ಸಾರ್ವಜನಿಕರ ಮುಂದಿರಬೇಕು. ಧಾನ್ಯ, ಶಾಲೆ, ಆಸ್ಪತ್ರೆಗಳ ಹಂಚಿಕೆಯಲ್ಲಂತೂ ಆ ಲೋಪವನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಈ ಸೇವೆಯನ್ನು ಈಗಿರುವಂತೆಯೇ ಬಳಸುವವರಿಗೆ ಒಂದು ಮಾತು. ವಲಯದ ಲೋಪದ ಪ್ರಮಾಣವನ್ನು ಒಂದು ತಾಲ್ಲೂಕಿನ ಜನಸಂಖ್ಯೆಗೆ ಗುಣಿಸಿ ‘ಸರಿಪಡಿಸಿದ ಸಂಖ್ಯೆ’ ಎಂದು ವರದಿಯಲ್ಲಿ ಬರೆಯುವ ಅಭ್ಯಾಸ ತಪ್ಪು. ಆ ಸಮೀಕ್ಷೆ ತಾಲ್ಲೂಕಿನ ಬಗ್ಗೆ ಏನನ್ನೂ ಹೇಳಿಲ್ಲ. ಎರಡು ನಗರಗಳ ನಡುವೆ, ಅಥವಾ ಎರಡು ಗಣತಿಗಳ ನಡುವೆ ಶೇ. 1 ಅಥವಾ 2ರ ವ್ಯತ್ಯಾಸ ಕಂಡರೆ ಅದನ್ನು ಬೆಳವಣಿಗೆ ಎಂದು ಘೋಷಿಸುವ ಮೊದಲು, ಎಣಿಕೆಯ ಲೋಪವೇ ಶೇ. 2.3ರಷ್ಟಿತ್ತು ಎಂಬುದನ್ನು ಅದೇ ಪುಟದಲ್ಲಿ ನಮೂದಿಸುವುದು ಒಳ್ಳೆಯದು.